ಅತ್ತೆಯ ಕಣ್ಣಿಗೆ ಲೇಸರ್ ಹಾಕಿಸಿದ ವರ್ಷ

ಆ ವರ್ಷ ನನ್ನ ಸಂಶೋಧನೆಗೆ ಐದು ತುಂಬಿತ್ತು. ಕೊಯಮತ್ತೂರಿನ ಪ್ರಯೋಗಾಲಯವೊಂದರಲ್ಲಿ ಅರೆವಾಹಕ ಲೇಸರುಗಳ ಆಯಸ್ಸು ಅಳೆಯುತ್ತಿದ್ದೆ. ಡಯೋಡ್ ಎಂದು ಕರೆಯುವ, ರಾಗಿಕಾಳಿಗಿಂತ ಚಿಕ್ಕ ಚೂರುಗಳು. ಅವನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟು, ಒಂದೇ ಸಮನೆ ಕರೆಂಟು ಹರಿಸಿ, ಬೆಳಕು ಎಷ್ಟು ಕುಗ್ಗಿತೆಂದು ದಿನವೂ ಬರೆದುಕೊಳ್ಳುವುದು. ಒಂದೊಂದಾಗಿ ಸಾಯುತ್ತಿದ್ದವು. ಯಾಕೆಂದು ಮಾತ್ರ ಗೊತ್ತಾಗುತ್ತಿರಲಿಲ್ಲ. ನನಗೂ ಸಾಕಾಗಿತ್ತು.

ಘಾಟಿಯ ಮೇಲಿನ ಗಡಿಯೂರು ಪಣಕಹಳ್ಳಿಯಲ್ಲಿ ನನ್ನನ್ನು ಸಾಕಿದವಳು ಸೋದರತ್ತೆ. ಲೇಸರ್ ಅಂದರೇನೆಂದು ಅವಳು ಕೇಳಿದ್ದಾಗ, ಕಣ್ಣಿನ ಡಾಕ್ಟರೂ ಅದನ್ನು ಬಳಸುತ್ತಾರೆ ಎಂದು ಜಂಬದಿಂದ ಹೇಳಿದ್ದೆ. ಅವಳಿಗೆ ಸಕ್ಕರೆ ಕಾಯಿಲೆಯಿತ್ತು. ಅಂಥವರು ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕರೆದೊಯ್ದಿರಲಿಲ್ಲ.

ಒಮ್ಮೆ ರಜೆಗೆ ಹೋದಾಗ ಅತ್ತೆ ಬೀನ್ಸ್ ಕೀಳುತ್ತಿದ್ದಳು. ಎಳೆಯದು ಬಲಿತದ್ದು ಎನ್ನದೆ ಕೈಗೆ ಸಿಕ್ಕಿದ್ದನ್ನೆಲ್ಲ ಕೀಳುತ್ತಿದ್ದಳು.

"ಕಣ್ಮುಂದೆ ಕರೀ ನೂಲು ಆಡ್ತದೆ ಕಣವ್ವ. ತಿಂಗ್ಳಾಯ್ತು."

"ಯಾಕತ್ತೆ ಏಳ್ನಿಲ್ಲ?"

"ನಿಂಗೇ ಕೆಲ್ಸ ಜಾಸ್ತಿ ಅಂತಿದ್ದೆ. ಸುಮ್ನಾಗ್ಬುಟ್ಟೆ."

ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿ, ಹಾಸನೂರು ದಾಟಿ, ಘಾಟಿಯ ತಿರುವುಗಳನ್ನಿಳಿದು ಕೊಯಮತ್ತೂರಿನ ಕಣ್ಣಾಸ್ಪತ್ರೆಗೆ ಹೋದೆವು. ಡಾಕ್ಟರು ತಮಿಳಿನಲ್ಲಿ ಹೇಳಿದರು: ಎಡಗಣ್ಣಿಗೆ ತಡವಾಗಿದೆ, ಬಲಗಣ್ಣಿಗೆ ಮೂರು ಸಲ ಲೇಸರ್ ಹಾಕಿ ನೋಡಬಹುದು. ಅತ್ತೆಗೆ ತಮಿಳು ಚೆನ್ನಾಗಿಯೇ ಬರುತ್ತಿತ್ತು. ಆದರೂ ನನ್ನ ಕಡೆ ತಿರುಗಿದಳು.

"ಲೇಸರ್ ಅಂದ್ರೆ ನೀನು ಮಾಡದೇ ಅಲ್ವೇನವ್ವ? ಅಂಗಾರೆ ಮೊದಲ್ನಂಗೆ ಕಾಣ್ತದೆ."

"ಓಗಿರದು ಬರಕಿಲ್ಲ ಅತ್ತೆ. ಇರದನ್ನ ಉಳಿಸ್ಕೊಳದು, ಅಷ್ಟೆ."

ಅವಳು ಡಾಕ್ಟರ ಕಡೆ ತಿರುಗಿ, ಯಾವತ್ತು ಬರಬೇಕೆಂದು ತಮಿಳಿನಲ್ಲೇ ಕೇಳಿದಳು.

ಮೊದಲ ಸಲ ಎಲ್ಲ ಸರಿಯಾಗಿ ನಡೆಯಿತು. ಎರಡನೆಯ ಸಲ, ಅತ್ತೆ ಯಂತ್ರಕ್ಕೆ ಗಲ್ಲ ಆನಿಸಿ ಕೂತಿದ್ದಾಗಲೇ ಡಾಕ್ಟರು ಕೈ ನಿಲ್ಲಿಸಿದರು. ಬೆಳಕು ಸಾಲುತ್ತಿಲ್ಲ, ಒಳಗಿನ ಡಯೋಡ್ ಹೋಗಿದೆ, ಬೇರೆಯದು ಬರಬೇಕು ಎಂದರು. ಇದೇ ಮಾತನ್ನು ನಾನು ನೋಟುಪುಸ್ತಕದಲ್ಲಿ ಎಷ್ಟು ಸಲ ಬರೆದಿದ್ದೆನೋ. ಆ ಚೂರಿನ ಮುಂದೆ ಯಾರೋ ಕಣ್ಣು ತೆರೆದು ಕೂತಿರುತ್ತಾರೆಂದು ಒಂದು ಸಲವೂ ಅನ್ನಿಸಿರಲಿಲ್ಲ.

ಅತ್ತೆಯನ್ನು ಊರಿಗೆ ಬಿಟ್ಟುಬರಲು ಮತ್ತೆ ಬಸ್ಸು ಹತ್ತಿದೆವು. ಔಷಧ ಬಿಟ್ಟ ಕಣ್ಣಿಗೆ ಬಿಸಿಲು ತಾಗದಂತೆ ಅವಳು ಸೆರಗು ಮುಚ್ಚಿಕೊಂಡಿದ್ದಳು. "ಸುಮ್ನೆ ಬಂದಂಗಾಯ್ತು" ಎಂದಳು. ಅವಳ ಹೆಗಲ ಮೇಲೆಯೇ ನಿದ್ದೆ ಹೋದೆ. ಊರು ಬಂತೆಂದು ಕಂಡಕ್ಟರನ್ನು ಕೇಳಿ ತಿಳಿದುಕೊಂಡು, ಅವಳೇ ನನ್ನನ್ನು ಎಬ್ಬಿಸಿ ಇಳಿಸಿದಳು.

ಡಯೋಡ್ ಬರಲು ಮೂರು ವಾರ ಹಿಡಿಯಿತು. ಆಮೇಲೆ ಉಳಿದೆರಡು ಸಲವೂ ಮುಗಿಯಿತು. ಬಲಗಣ್ಣು ಉಳಿಯಿತು. ಎಡಗಣ್ಣು ಚಳಿಗಾಲದೊಳಗೆ ಪೂರ್ತಿ ಹೋಯಿತು.

ಮುಂದಿನ ವರ್ಷ ನನ್ನ ಪ್ರಬಂಧವೂ ಮುಗಿಯಿತು. ಬೆಳಕು ಹೊರಬರುವ ಅಂಚು ಸುಟ್ಟು ಆ ಚೂರುಗಳು ಸಾಯುತ್ತಿದ್ದವು. ಬೇರೆಯವರು ಆಗಲೇ ಕಂಡುಕೊಂಡಿದ್ದನ್ನೇ ನಾನು ಇನ್ನೊಂದು ಬಗೆಯ ಚೂರಿನಲ್ಲಿ ತೋರಿಸಿದ್ದೆ.

ಅದೇ ಬೇಸಿಗೆಯಲ್ಲಿ ಅತ್ತೆ, ಸಕ್ಕರೆ ಕಾಯಿಲೆಯಿದ್ದ ಅಕ್ಕಪಕ್ಕದ ಇಬ್ಬರು ಹೆಂಗಸರನ್ನು ಕಟ್ಟಿಕೊಂಡು ಅದೇ ಆಸ್ಪತ್ರೆಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದಿದ್ದಳು. ಕೊಯಮತ್ತೂರಿನಲ್ಲೇ ಇದ್ದ ನನಗೆ ಹೇಳಿಯೇ ಇರಲಿಲ್ಲ.