ಚಿಕ್ಕಪ್ಪನ ಪಾರ್ಕಿಂಗ್

ಗುರುತಿಲ್ಲದ ಈ ಮಹಾನಗರಕ್ಕೆ ಕಾರು ತರುವಾಗ ನಮ್ಮ ಚಿಕ್ಕಪ್ಪ ಫೋನಿನ ನಕ್ಷೆಯನ್ನು ನಂಬುವುದಿಲ್ಲ. ಪ್ರತಿ ವೃತ್ತದಲ್ಲೂ ಮೂವರನ್ನು ಕೇಳಿ, ಇಬ್ಬರ ಮಾತು ಹೊಂದಿದರೆ ಮಾತ್ರ ಸ್ಟಿಯರಿಂಗ್ ತಿರುಗಿಸುತ್ತಾರೆ. ಹಿಂದಿನವರ ಹಾರ್ನಿಗೆಲ್ಲ ಕಾರಿನೊಳಗಿಂದಲೇ, "ಇರಪ್ಪಾ, ಹೊರಟೆ" ಎಂಬ ಉತ್ತರ. ಆಸ್ಪತ್ರೆ ಸಿಕ್ಕರೂ ಕಾರು ನಿಲ್ಲದು. ನೆರಳಿನ ಜಾಗ ಬೇಡ, ಗೇಟಿನ ಪಕ್ಕದ್ದೂ ಬೇಡ. ಒಂದೊಂದಕ್ಕೂ ಒಂದೊಂದು ಕೊಂಕು ತೆಗೆದು ಐದು ಸುತ್ತು ಹೊಡೆಯುತ್ತಾರೆ. "ಯಜಮಾನ್ರೇ, ಇಷ್ಟೊಂದು ಖಾಲಿ ಇದೆಯಲ್ಲ, ಎಲ್ಲಾದ್ರೂ ಹಾಕಿ!" ಎಂದು ಕಾವಲುಗಾರ ಸೀಟಿ ಊದಿ ಸುಸ್ತಾಗುತ್ತಾನೆ. ಕೊನೆಗೆ ಸುಡುಬಿಸಿಲಿನ ಒಂದು ಮೂಲೆ ತೆರವಾಗುವವರೆಗೆ ಕಾದು, ಅಲ್ಲಿಯೇ ನಿಲ್ಲಿಸಿ, ಇಳಿದು ಮೂರನೇ ಮಹಡಿಯ ಕಿಟಕಿಯತ್ತ ಕೈ ಬೀಸುತ್ತಾರೆ. ವಾರ್ಡಿನೊಳಗೆ ಬಿಡುವುದು ಸಂಜೆ ಒಂದೇ ಒಂದು ತಾಸು. ಉಳಿದ ಹೊತ್ತು, ಹಾಸಿಗೆಯಿಂದ ತಲೆ ಎತ್ತಿದಾಗೆಲ್ಲ ಚಿಕ್ಕಮ್ಮನಿಗೆ ಆ ಕಾರು ಕಾಣುತ್ತಿರಬೇಕಲ್ಲ.