ಮೂರನೆಯ ಹಿಡಿ ಮಣ್ಣು

ಕುತ್ತಿಗೆ ಪಟ್ಟಿಯ ಒಳಮೈಗೆ ಒಂದು ವಾಸನೆ ಇರುತ್ತದೆ. ಬೆವರು, ನೋವಿನ ಮುಲಾಮು, ಸರಿಯಾಗಿ ಒಣಗದ ಸ್ಪಂಜು ಎಲ್ಲ ಕೂಡಿ ಹಳಸಿದ ಅನ್ನದಂಥ ವಾಸನೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಉಣ್ಣಲು ಕುಳಿತರೆ ಗದ್ದದ ಕೆಳಗಿನಿಂದ ಮೂಗಿಗೆ ಬಡಿಯುತ್ತದೆ. ಬಾಯಿಗೆ ಹಾಕಿದ ರೊಟ್ಟಿ ಒಳಗೆ ಇಳಿಯುವುದಿಲ್ಲ.

ಮನಗೂಳಿಯಲ್ಲಿ ಕಾಳುಕಡಿ ಕೊಂಡು ಮಾರಿಸುವ ಒಂದು ಅಡತಿ ಅಂಗಡಿಯಲ್ಲಿ ನಾನೂ ನನ್ನ ಅಣ್ಣನೂ ಇಪ್ಪತ್ತು ವರ್ಷ ಹಮಾಲಿ ಮಾಡಿದೆವು. ಲಾರಿಯಿಂದ ಚೀಲ ಇಳಿಸಿ, ಬೆನ್ನ ಮೇಲೆ ಹೊತ್ತು ಒಳಗೆ ಒಟ್ಟುವ ಕೆಲಸ. ಎರಡು ವರ್ಷದ ಹಿಂದೆ ನನ್ನ ಬಲಗೈಯಲ್ಲಿ ಇರುವೆ ಹರಿದಂತಾಗತೊಡಗಿತು. ಆಮೇಲೆ ಜೋಮು. ಆಮೇಲೆ, ಚಹಾದ ಕಪ್ಪು ನೆಲಕ್ಕೆ ಬಿದ್ದ ಸಪ್ಪಳ ಕೇಳಿದಾಗಲೇ ಅದು ಕೈಯಲ್ಲಿಲ್ಲ ಎಂದು ಗೊತ್ತಾಗುತ್ತಿತ್ತು. ಬಾಗೇವಾಡಿಯ ಡಾಕ್ಟರು ಕುತ್ತಿಗೆಯ ಮಣಿಗಳ ನಡುವೆ ನರ ಒತ್ತಿಕೊಂಡಿದೆ, ಇನ್ನು ಮುಂದೆ ಭಾರ ಎತ್ತಬಾರದು ಎಂದು ಹೇಳಿ ಕುತ್ತಿಗೆಗೆ ಈ ಪಟ್ಟಿ ಹಾಕಿದರು. ಅಂಗಡಿಯವರು ನನ್ನನ್ನು ಬಾಗಿಲಲ್ಲಿ ಕಾವಲಿಗೆ ಕೂರಿಸಿದರು.

ಪಟ್ಟಿಯನ್ನು ಹಿಂದಿನಿಂದ ಬಿಗಿಯಲು ನನ್ನ ಬೆರಳಿಗೆ ಆಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅಣ್ಣನೇ ಬಿಗಿಯುತ್ತಿದ್ದ.

"ಎತ್ತಿನ ಕೊಳ್ಳಾಗ ಗೆಜ್ಜಿ, ನಿನ್ನ ಕೊಳ್ಳಾಗ ಪಟ್ಟಿ. ನಿಂದ್ರ, ಹೂಡ್ತೇನಿ," ಎನ್ನುತ್ತಿದ್ದ.

"ನಾರತೈತಿ ಅಣ್ಣಾ."

"ನಾರಲಿ ಬಿಡು. ನೀ ಏನ್ ಮದಲಿಂಗ ಅದೀಯೇನು?"

ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ, ಲಾರಿ ಖಾಲಿ ಮಾಡಿ ನೀರು ಕುಡಿಯಲು ಕುಳಿತ ಅಣ್ಣ ಚೀಲದ ಸಾಲಿಗೆ ಹಾಗೇ ಒರಗಿದ. ಮತ್ತೆ ಏಳಲಿಲ್ಲ.

ಅಣ್ಣನನ್ನು ಮಲಗಿಸಿದ್ದ ಜನಾಜಾ ಎತ್ತುವ ಹೊತ್ತಿಗೆ ನಾನು ಗೋಡೆಗೆ ಆತು ನಿಂತಿದ್ದೆ. ಹೆಗಲು ಕೊಡುವುದೋ ಬೇಡವೋ ಎಂಬುದೊಂದೇ ತಲೆಯಲ್ಲಿತ್ತು. ಗೊಳಸಂಗಿಯಿಂದ ಬಂದಿದ್ದ ಕಾಕಾ ನನ್ನನ್ನು ನೋಡಿ ಎಲ್ಲರಿಗೂ ಕೇಳುವಂತೆ ಅಂದ: "ಊರ ಮಂದಿ ಚೀಲ ಎಲ್ಲಾ ಹೊತ್ತಿ. ಸ್ವಂತ ಅಣ್ಣಗ ಹೆಗಲ ಕೊಡಾಕ ಕೊಳ್ಳ ನೋಯ್ತೈತೇನು?"

ಎಡಗೈಯಿಂದ ಪಟ್ಟಿ ಕಿತ್ತು ಎಸೆದೆ. ಅದು ಒಳಮೈ ಮೇಲಾಗಿ ಬಿತ್ತು. ಹಳದಿ ಕಲೆ, ಅಂಟಿದ ಕೂದಲು. ಪಕ್ಕದಲ್ಲಿದ್ದವನೊಬ್ಬ ಮೂಗಿಗೆ ಟವೆಲು ಹಿಡಿದ. ಅವನ ಮೇಲೆ ಸಿಟ್ಟು ಬರಲಿಲ್ಲ. ನನಗೂ ಹೇಸಿಗೆಯೇ ಆಗಿತ್ತು.

ಹೆಗಲು ಕೊಟ್ಟು ಹತ್ತು ಹೆಜ್ಜೆ ನಡೆದಿರಬೇಕು. ಕುತ್ತಿಗೆಯಿಂದ ಬೆರಳ ತುದಿಯವರೆಗೆ ಕಾದ ತಂತಿ ಎಳೆದಂತಾಯಿತು. ಕೈ ಬಿಟ್ಟುಹೋಯಿತು, ಅಣ್ಣ ನನ್ನ ಕಡೆಗೆ ವಾಲಿದ. ಹಿಂದಿನಿಂದ ಬಂದು ಕೆಳಗೆ ಹೆಗಲು ಹಾಕಿದವರು ಊರಿನ ಗೌಡರು.

"ನೀ ಸರೀಪಾ. ನಿಮ್ಮಣ್ಣ ನನ್ನ ತೊಗರಿ ಚೀಲ ಭಾಳ ಹೊತ್ತಾನ. ನಾ ಹೊರತೇನಿ."

ಅವರು ಹೊತ್ತರು. ಹಮಾಲನಾದ ನಾನು ತೋಳು ಜೋತುಬಿಟ್ಟುಕೊಂಡು ಹಿಂದೆ ನಡೆದೆ. ಸತ್ತ ಹಲ್ಲಿಯಂತೆ ಮೈಗೆ ಅಂಟಿಕೊಂಡ ಆ ಕೈಯನ್ನು ಯಾರಾದರೂ ಕಡಿದು ಹಾಕಿದರೆ ಸಾಕಿತ್ತು ಅನ್ನಿಸಿತು.

ಉಳಿದದ್ದು ಗೋರಿಯ ಗುಂಡಿಗೆ ಪ್ರತಿಯೊಬ್ಬರೂ ಹಾಕುವ ಮೂರು ಹಿಡಿ ಮಣ್ಣು. ಅದನ್ನಾದರೂ ನಾನೇ ಹಾಕಬೇಕಿತ್ತು. ಮೊದಲ ಹಿಡಿ ಬಿದ್ದದ್ದು ಕಂಡಿತು. ಎರಡನೆಯದೂ ಬಿತ್ತು. ಮೂರನೆಯ ಸಲ ಬಗ್ಗಿ, ಹಿಡಿದು, ಕೈ ಚಾಚಿ ಬೆರಳು ಬಿಟ್ಟೆ. ಏನೂ ಬೀಳಲಿಲ್ಲ. ಮುಷ್ಟಿ ಖಾಲಿ ಇತ್ತು. ಅದು ನನಗೇ ತಿಳಿದಿರಲಿಲ್ಲ.

"ಮೂರಾತಲ್ಲ, ಸರಿ. ಹಿಂದ ಮಂದಿ ನಿಂತಾರ," ಎಂದ ಕಾಕಾ.

"ಇಲ್ಲ ಕಾಕಾ, ಎರಡ ಆಗ್ಯಾವ."

ಮಂಡಿಯೂರಿದೆ. ಎಡಗೈಯಿಂದ ಮಣ್ಣು ತೋಡಿ ಬಲಗೈಗೆ ತುಂಬಿದೆ, ಬೆರಳುಗಳನ್ನು ಒಂದೊಂದಾಗಿ ಮಡಚಿದೆ. ಮುಷ್ಟಿಯನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಅಂಚಿಗೆ ಒಯ್ದು ಬಿಚ್ಚಿದೆ. ಎರೆ ಮಣ್ಣು ಹೆಂಟೆಯಾಗಿ ಬಿದ್ದ ಸಪ್ಪಳ ಕೇಳಿಸಿತು. ಆಮೇಲೆ ಎದ್ದೆ.