ಇಟಲಿಯ ಕಡಲಿಗೆ ಹೋದ ಬಾಯಮ್ಮ

ಬಾಯಮ್ಮನ ಎಡ ಸೊಂಟ ಸದಾ ಒಂದಿಷ್ಟು ಹೊರಗೆ ಚಾಚಿಕೊಂಡಿರುತ್ತಿತ್ತು. ಹನ್ನೊಂದು ವರ್ಷ ಬೇರೆಯವರ ಮಕ್ಕಳನ್ನು ಎತ್ತಿಕೊಂಡು ತಿರುಗಿ ಮೈ ಹಾಗೆಯೇ ಒಗ್ಗಿಹೋಗಿತ್ತು. ಬರಿಗೈಯಲ್ಲಿ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಾಗಲೂ ಕಾಣದ ಮಗುವೊಂದು ಅಲ್ಲಿ ಕೂತಿದೆಯೇನೋ ಅನ್ನಿಸುತ್ತಿತ್ತು.

ಕುವೈತಿನ ಒಂದು ಅರಬಿ ಮನೆಯಲ್ಲಿ ಮೂವರು ಮಕ್ಕಳನ್ನು ನೋಡಿಕೊಳ್ಳುವುದು ಅವರ ಕೆಲಸ. ಅವರ ಮನೆಮಾತು ಕೊಂಕಣಿ, ನನ್ನದು ತುಳು. ನಮ್ಮಿಬ್ಬರ ನಡುವೆ ಓಡಾಡುತ್ತಿದ್ದುದು ಮಂಗಳೂರಿನ ಕನ್ನಡ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ನಾನು ಅವರನ್ನು ಬಾಯಮ್ಮ ಎಂದೇ ಕರೆದೆ. ಶುಕ್ರವಾರ ಅರ್ಧ ದಿನ ರಜೆ. ಇಗರ್ಜಿಯಲ್ಲಿ ಪೂಜೆ ಮುಗಿಸಿ, ಊರಿಗೆ ಫೋನ್ ಮಾಡಲು ಬ್ನೇದ್ ಅಲ್ ಗಾರ್‌ನ ನಮ್ಮ ಫ್ಲ್ಯಾಟಿಗೆ ಬರುತ್ತಿದ್ದರು.

ನನ್ನ ಮಗಳು ಹುಟ್ಟಿದಾಗ ಊರಿನಿಂದ ಅಮ್ಮನಿಗೆ ಬರಲಾಗಲಿಲ್ಲ. ಮಿರ್ಕಾಬ್‌ನ ಆಫೀಸಿನಲ್ಲಿ ಫೈಲುಗಳ ಜೊತೆ ದಿನ ಕಳೆಯುತ್ತಿದ್ದ ನನಗೆ ಮಗುವನ್ನು ಹಿಡಿಯುವುದೂ ಗೊತ್ತಿರಲಿಲ್ಲ. ವಾರಕ್ಕೆ ಸಿಗುವ ಆ ಅರ್ಧ ದಿನದಲ್ಲೇ ಬಾಯಮ್ಮ ಮಗುವಿಗೆ ಎಣ್ಣೆ ತಿಕ್ಕಿ ಸ್ನಾನ ಮಾಡಿಸಿ, ಬಾಗಿಲು ಎಳೆದುಕೊಂಡು ಹೇಳುತ್ತಿದ್ದರು: “ನೀನು ಮಲಗು ಮಾರಾಯ್ತಿ. ಮಗು ನಿನ್ನನ್ನು ಕೇಳಿದ್ರೆ ಹೇಳ್ತೇನೆ, ಅಮ್ಮ ಮೀಟಿಂಗಿನಲ್ಲಿದ್ದಾಳೆ ಅಂತ.” ಆ ತಿಂಗಳುಗಳಲ್ಲಿ ನಾನು ಕಣ್ತುಂಬ ನಿದ್ದೆ ಮಾಡಿದ್ದು ಶುಕ್ರವಾರಗಳಂದು ಮಾತ್ರ.

ಊರಿನಲ್ಲಿ ಅವರಿಗೆ ಗಂಡ, ಅತ್ತೆ, ಕಾಲೇಜು ಓದುವ ಮಗ ಇದ್ದರು. ಫೋನಿನಲ್ಲಿ ಅತ್ತೆಯ ಜೊತೆ, ಮಗನ ಜೊತೆ ಮಾತಾಡುತ್ತಿದ್ದರು. ಗಂಡನ ಜೊತೆ ಇಲ್ಲ. “ಅವರಿಗೆ ಕೆಮ್ಮು ಕಡಿಮೆಯಾಯ್ತಾ ಕೇಳಿ” ಎಂದು ಅತ್ತೆಯ ಮೂಲಕವೇ ವಿಚಾರಿಸುತ್ತಿದ್ದರು. ಕಾರಣ ಒಮ್ಮೆ ಮಾತ್ರ ಹೇಳಿದರು. ರಜೆಯಲ್ಲಿ ಹೋದಾಗ, ಯಾರದೋ ಮದುವೆಯ ಊಟದಲ್ಲಿ, ಗಂಡ ಎಲ್ಲರೆದುರು ಹೇಳಿದರಂತೆ: “ಇವಳಾ? ಎರಡು ವರ್ಷಕ್ಕೊಮ್ಮೆ ನಮ್ಮ ಮನೆಗೆ ಬರುವ ನೆಂಟರು.”

“ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ನನಗೆ ಅವರ ಹತ್ತಿರ ಮಾತೇ ಬರ್ಲಿಲ್ಲ” ಎಂದರು ಬಾಯಮ್ಮ. ಹಾಗೆ ಮೂರು ವರ್ಷ ಕಳೆದಿತ್ತು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಆ ಅರಬಿ ಕುಟುಂಬ ಇಟಲಿಯ ಕಡಲತೀರದ ರೆಸಾರ್ಟೊಂದಕ್ಕೆ ಹೋಯಿತು, ಬಾಯಮ್ಮನನ್ನೂ ಕರೆದುಕೊಂಡು. ಮರಳಿ ಬಂದ ಮೇಲೆ ಎಷ್ಟೋ ವಾರ ಅವರ ಬಾಯಲ್ಲಿ ಅದೇ ಮಾತು. ಮರಳಿನ ಮೇಲೆ ಸಾಲುಸಾಲು ಛತ್ರಿ, ಪ್ರತಿ ಛತ್ರಿಗೂ ಒಂದು ನಂಬರ್. ಮಕ್ಕಳಿಗೆಂದೇ ಬೇರೆ ಊಟದ ಹೊತ್ತು, ಗಿಡ್ಡ ಮೇಜು. ಜಾರುಬಂಡೆ ಇರುವ ಪೆಡಲ್ ದೋಣಿ. “ನಮ್ಮ ಕಡಲಿನ ಹಾಗೆ ಎಳೆದುಕೊಂಡು ಹೋಗುವುದಿಲ್ಲ. ಎಷ್ಟು ದೂರ ನಡೆದ್ರೂ ಮೊಣಕಾಲಷ್ಟೇ ನೀರು. ಮಕ್ಕಳು ಗಲಾಟೆ ಮಾಡಿದ್ರೆ ಯಾರೂ ಗದರುವುದಿಲ್ಲ, ಬಡಿಸುವವನು ಸಹ ಹೆಸರು ಕೇಳಿ ಮಾತಾಡಿಸ್ತಾನೆ.” ಒಂದು ದಿನ ಮೇಡಮ್ ಮಕ್ಕಳನ್ನು ಐಸ್‌ಕ್ರೀಮಿಗೆ ಕರೆದೊಯ್ದಾಗ ಇವರು ಛತ್ರಿಯ ಕೆಳಗೆ ಚೂಡಿದಾರದಲ್ಲೇ ಕಾಲು ಚಾಚಿ ಕೂತಿದ್ದರಂತೆ. “ಅರ್ಧ ಗಂಟೆ, ಗೊತ್ತುಂಟಾ? ಅರ್ಧ ಗಂಟೆ ನನ್ನ ಮೈಮೇಲೆ ಯಾರೂ ಇರ್ಲಿಲ್ಲ.”

ಮರುವರ್ಷ ಮತ್ತೆ ಹೊರಟರು. ಹೋಗುವ ಮುನ್ನ ಹೋಟೆಲಿನ ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಕೊಟ್ಟರು. “ಏನಾದ್ರೂ ಇದ್ರೆ ಮಾಡು. ಸಂಕೋಚ ಮಾಡ್ಬೇಡ.”

ಅವರು ಹೋದ ಐದನೆಯ ದಿನ, ಮಧ್ಯಾಹ್ನ ಮೂರು ಗಂಟೆಗೆ, ಅವರ ಅತ್ತೆಯ ಫೋನ್ ಬಂತು. ಗಂಡನಿಗೆ ಎದೆನೋವು, ಆಸ್ಪತ್ರೆಗೆ ಸೇರಿಸಿದ್ದಾರೆ. “ಅವಳ ಹತ್ತಿರ ಒಮ್ಮೆ ಮಾತಾಡ್ಬೇಕು ಅಂತ ಹಟ ಹಿಡಿದಿದ್ದಾನೆ, ಮಗಾ. ಈ ನಂಬರಿಗೆ ಮಾಡ್ಲಿಕ್ಕೆ ಹೇಳು” ಎಂದು ವಾರ್ಡಿನ ನಂಬರ್ ಕೊಟ್ಟರು. ಡಾಕ್ಟರ್ ಏನು ಹೇಳಿದರು ಎಂದು ಕೇಳಿದೆ. ಈಗ ಪರವಾಗಿಲ್ಲ ಅಂದಿದ್ದಾರಂತೆ.

ಚೀಟಿ ಫೋನಿನ ಕೆಳಗೇ ಇತ್ತು. ನನ್ನ ಗಂಡ “ಡಯಲ್ ಮಾಡು, ಯೋಚನೆ ಎಂತದಕ್ಕೆ?” ಎಂದರು. ನಾನು ಯೋಚಿಸಿದೆ. ವರ್ಷಗಟ್ಟಲೆ ಮಾತೇ ಆಡದ ಮನುಷ್ಯನಿಗಾಗಿ ಅವರ ರಜೆಯನ್ನು ಏಕೆ ಕೆಡಿಸಬೇಕು? ತಿಳಿದರೂ ಅಲ್ಲಿಂದ ಹಾರಿ ಬರಲಾಗುವುದಿಲ್ಲ. ಇನ್ನು ಆರೇ ದಿನ. ಆ ಛತ್ರಿಯ ಕೆಳಗಿನ ಅರ್ಧ ಗಂಟೆಯನ್ನು ಅವರಿಗೆ ಉಳಿಸಿಕೊಡುತ್ತಿದ್ದೇನೆ ಎಂದೇ ನಂಬಿದ್ದೆ.

ಮರುದಿನ ಬೆಳಿಗ್ಗೆ ಅತ್ತೆ ಮತ್ತೆ ಫೋನ್ ಮಾಡಿದರು. “ಮಾಡಿದೆ ಅಮ್ಮ, ಲೈನ್ ಸಿಗ್ತಾ ಇಲ್ಲ” ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಹೇಳಿ ಮುಗಿಸಿದ ಮೇಲೆಯೇ ನನಗೆ ಗೊತ್ತಾದದ್ದು.

ಅಂದು ಸಂಜೆ ಅವರ ಗಂಡ ತೀರಿಕೊಂಡರು. ಆಗ ಡಯಲ್ ಮಾಡಿದೆ. ಒಂದೇ ಸಲಕ್ಕೆ ಲೈನ್ ಸಿಕ್ಕಿತು.

ಮೇಡಮ್ ಒಳ್ಳೆಯವರು, ಎಲ್ಲೆಲ್ಲೋ ಓಡಾಡಿ ಟಿಕೆಟ್ ಮಾಡಿಸಿದರು. ಆದರೂ ರಜೆಯ ಕಾಲ, ಸೀಟು ಸಿಕ್ಕಿದ್ದು ಎರಡು ದಿನದ ಮೇಲೆ, ಕುವೈತಿನ ಮೂಲಕ. ಅಷ್ಟರಲ್ಲಿ ಊರಿನಲ್ಲಿ ಮಣ್ಣು ಮಾಡಿ ಆಗಿತ್ತು. ಮುಂಬಯಿ ವಿಮಾನಕ್ಕೆ ಐದಾರು ಗಂಟೆ ಇದ್ದುದರಿಂದ ಬಾಯಮ್ಮ ನಮ್ಮ ಮನೆಗೆ ಬಂದು ಕೂತರು. ಮೂಗು ಬಿಸಿಲಿಗೆ ಸುಲಿದಿತ್ತು. ಅಳಲಿಲ್ಲ.

“ಅಲ್ಲಿ ಗಂಡಸರು ಮಕ್ಕಳನ್ನು ಹೆಗಲಲ್ಲಿ ಕೂರಿಸಿಕೊಂಡು ನೀರಿಗೆ ಇಳಿಯುವುದು” ಎಂದರು. “ನಮ್ಮವರೂ ಮಗನನ್ನು ಹಾಗೇ ಕರ್ಕೊಂಡು ಹೋಗ್ತಿದ್ರು. ನೋಡಿ ನೋಡಿ ನನ್ನ ಸಿಟ್ಟೆಲ್ಲ ಎಲ್ಲಿ ಹೋಯ್ತೋ. ರೂಮಿನ ಫೋನಿನಿಂದ ಮಾಡಿದ್ರೆ ಮೇಡಮ್‌ಗೆ ಬಿಲ್ ಬರ್ತದೆ ಅಂತ ಫೋನಿನ ಕಾರ್ಡ್ ಸಹ ತಗೊಂಡೆ. ಮಕ್ಕಳನ್ನು ಬಿಟ್ಟು ಬೂತಿಗೆ ಹೋಗ್ಲಿಕ್ಕೆ ಆಗ್ಲಿಲ್ಲ. ಇರ್ಲಿ, ಕುವೈತಿಗೆ ಹೋಗಿ ನಿನ್ನ ಮನೆಯಿಂದಲೇ ಮಾತಾಡುವ ಅಂತ ಇದ್ದೆ.” ಆಮೇಲೆ ನನ್ನ ಕೈ ಹಿಡಿದುಕೊಂಡರು. “ನೀನು ತುಂಬಾ ಟ್ರೈ ಮಾಡಿದಿಯಂತಲ್ಲ. ಅತ್ತೆ ಹೇಳಿದ್ರು.”

ಚಹಾ ತರುತ್ತೇನೆಂದು ನಾನು ಎದ್ದು ಅಡುಗೆಮನೆಗೆ ಹೋದೆ.

ಎರಡು ತಿಂಗಳ ಮೇಲೆ ಕೆಲಸಕ್ಕೆ ಮರಳಿದ ಬಾಯಮ್ಮ ಎಂದಿನಂತೆ ಶುಕ್ರವಾರ ಬರತೊಡಗಿದರು. ಮಗಳ ತಲೆ ಬಾಚುತ್ತಿದ್ದರು, ನನ್ನನ್ನು ಮಲಗಲು ಕಳಿಸುತ್ತಿದ್ದರು. ನನಗೆ ನಿದ್ದೆ ಹತ್ತುತ್ತಿರಲಿಲ್ಲ. ನಾಲ್ಕನೆಯ ಶುಕ್ರವಾರ ಎದ್ದು ಬಂದು ಎಲ್ಲವನ್ನೂ ಹೇಳಿಬಿಟ್ಟೆ. ಅವರು ಬಾಚಣಿಗೆ ಕೆಳಗಿಟ್ಟರು.

“ಅತ್ತೆ ಮೊದಲು ಫೋನ್ ಮಾಡಿದ್ದು ಎಷ್ಟು ಗಂಟೆಗೆ?”

“ಮೂರಕ್ಕೆ.”

“ಹಾಗಾದ್ರೆ ಅಲ್ಲಿ ಎರಡು” ಎಂದರು, ತಮಗೆ ತಾವೇ ಹೇಳಿಕೊಳ್ಳುವಂತೆ. “ಊಟ ಮುಗಿಸಿ ಮಕ್ಕಳು ಮಲಗಿದ್ರು. ಮೇಡಮ್ ಕೆಳಗೆ ಇದ್ರು. ನಾನು ಸುಮ್ಮನೆ ಕೂತಿದ್ದೆ. ಫೋನ್ ನನ್ನ ಮಂಚದ ಪಕ್ಕದಲ್ಲೇ ಇತ್ತು.”

ಬೈಯಲಿಲ್ಲ. ಮಗಳ ಅರ್ಧ ಉಳಿದ ಜಡೆಯನ್ನು ಹೆಣೆದು ಮುಗಿಸಿ, ಅವಳ ಹಣೆಗೆ ಮುತ್ತಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದರು. ಮತ್ತೆ ಬರಲಿಲ್ಲ.

ಹತ್ತು ವರ್ಷಗಳಾದ ಮೇಲೆ, ಅವರು ಕುವೈತ್ ಬಿಟ್ಟು ಊರು ಸೇರಿದ್ದಾರೆ, ಕ್ಯಾನ್ಸರ್ ಎಂದು ತಿಳಿಯಿತು. ರಜೆಯಲ್ಲಿ ಊರಿಗೆ ಹೋದಾಗ ವಿಳಾಸ ಹುಡುಕಿಕೊಂಡು ಹೋದೆ. ಅವರ ಸೊಸೆ ನನ್ನನ್ನು ಜಗಲಿಯಲ್ಲಿ ಕೂರಿಸಿ, ಪುನರ್ಪುಳಿ ಶರಬತ್ತು ಕೊಟ್ಟು ಒಳಗೆ ಹೋದಳು. ಕಿಟಕಿ ತೆರೆದಿತ್ತು.

“ಯಾರು ಬಂದದ್ದು?” ಕ್ಷೀಣವಾಗಿದ್ದರೂ ಅದು ಅವರದೇ ಧ್ವನಿ.

ಸೊಸೆ ಹೇಳಿದಳು. ಆಮೇಲೆ ಬಾಯಮ್ಮ, “ಮಲಗಿದ್ದಾರೆ ಅಂತ ಹೇಳು.”

ಸೊಸೆ ಹೊರಗೆ ಬಂದು, “ಮಲಗಿದ್ದಾರೆ ಆಂಟಿ” ಎಂದಳು. “ಮಲಗಲಿ” ಎಂದೆ. ಶರಬತ್ತನ್ನು ಪೂರ್ತಿ ಕುಡಿದು ಎದ್ದೆ.

ಆ ವರ್ಷ ಕ್ರಿಸ್ಮಸ್‌ಗೆ ಮೊದಲೇ ಅವರು ತೀರಿಕೊಂಡರು. ನನಗೆ ಗೊತ್ತಾದದ್ದು ತಿಂಗಳ ಮೇಲೆ, ಇಗರ್ಜಿಗೆ ಹೋಗುವ ಸಹೋದ್ಯೋಗಿಯೊಬ್ಬರಿಂದ. ಆ ಮನೆಯಿಂದ ನನಗೆ ಯಾರೂ ಫೋನ್ ಮಾಡಿರಲಿಲ್ಲ.